ಪಾತ್ರೆಯ ತಳದ ಹೆಸರು

ಹಾರ್ಲನ್ ಟ್ರೆಡ್‌ವೆಲ್ ಸತ್ತದ್ದು ನಮ್ಮ ಜಾರ್ಜಿಯಾದ ಪುಟ್ಟ ಊರಿಗೆ
ಗೊತ್ತಾದದ್ದು ಬೆಳಿಗ್ಗೆ ಏಳಕ್ಕೆ, ಚರ್ಚಿನ ಗಂಟೆಯಿಂದ.
ಮಧ್ಯಾಹ್ನಕ್ಕೆ ಅವನ ಅಡಿಗೆಮನೆ ತುಂಬ
ಸಂತಾಪದ ಪಾತ್ರೆಗಳು: ಹುರಿದ ಬೆಂಡೆ, ಹ್ಯಾಮು, ಪೀಚ್ ಪೈ.
ತಳದ ಟೇಪಿನ ಮೇಲೆ ಕೊಟ್ಟವರ ಹೆಸರು.

ನಿವೃತ್ತ ಜಡ್ಜ್ ಒಡೆಸ್ಸಾ ಪ್ರೂಯಿಟ್
ಯಾರನ್ನೂ ಏನೂ ಕೇಳಲಿಲ್ಲ,
ತೋಳು ಮಡಚಿ ತೊಳೆಯಲು ನಿಂತರು.
"ಹೃದಯಾಘಾತ, ಬಿಡಿ ಮೇಡಂ,"
ಶೆರಿಫ್ ಆಕಳಿಸಿದ.

ಒಂದೊಂದನ್ನೇ ಬೋರಲು ಮಾಡಿ ಓದುತ್ತ ಓದುತ್ತ
"ಇದು ಏಳೂಕಾಲಿಗೇ ಬಂತಲ್ಲ, ಹಬೆಯಾಡುತ್ತ?
ಮೆಕರೋನಿ ಬೇಯಲು
ಒಂದು ಗಂಟೆಯಾದರೂ ಬೇಕು, ಲ್ಯೂಯೆಲಾ."

ವರಾಂಡದ ಫ್ಯಾನು ತಿರುಗುತ್ತಲೇ ಇತ್ತು.
ಲ್ಯೂಯೆಲಾಳ ಚಹಾ ಲೋಟದಲ್ಲಿ
ಐಸು ಮಾತ್ರ ಕಿಣಿಗುಟ್ಟಿತು.

ಅದೊಂದನ್ನು ತೊಳೆಯದೆ, ಬಟ್ಟೆ ಮುಚ್ಚಿ
ಬದಿಗಿಟ್ಟರು ಜಡ್ಜ್.
ರುಚಿಯಾಗಿತ್ತು, ಸುಳ್ಳೇಕೆ ಹೇಳಲಿ?
ನಾನೇ ಎರಡು ಸಲ ಬಡಿಸಿಕೊಂಡಿದ್ದೆ.