ಹೊಳ್ಳೋ ಮೂಲಿ

ಡಾಕ್ಟರ್ ಹೇಳಿದ್ದು ನಡೀರಿ ಅಂತ.
ಓಡಿದ್ದು ನಂದ ತಪ್ಪು.
ಮಗಳ ಹಳೇ ಬೂಟು, ಒಂದು ನಂಬರ್ ದೊಡ್ಡದು,
ತುದಿಗೆ ಹತ್ತಿ ತುರುಕಿ
ಐದೂಕಾಲಕ್ಕ ಗೇಟು ಸಪ್ಪಳಾಗದ್ಹಂಗ ಎತ್ತಿ ಸರಿಸಿ
ಹೊರಗ ಬಂದ್ನಿ. ಫೋನು ಚಾರ್ಜಿಗಿತ್ತು.
ಚಾವಿ ವೇಲಿನ ತುದಿಗೆ ಗಂಟು.

ಧಾರವಾಡದ ಮಂಜು ನಿಮಗ ಗೊತ್ತಿರಬೇಕು,
ಕಾರ್ತೀಕ ಮುಗಿದ ಮ್ಯಾಲೆ ನವಲೂರ ಕಡಿಂದ ಬರತೈತಿ,
ಹೇಳದ ಕೇಳದ ಬಂದ ಬೀಗರ ಹಂಗ
ಓಣಿ ತುಂಬ ಕುಂತ ಬಿಡತೈತಿ.

ಹದಿನೇಳು ವರ್ಷ ಇದ್ದೀನಿ ಈ ಲೇಔಟಿನಾಗ.
ಕಿರಾಣಿ ಅಂಗಡಿ ದಾರಿ ಗೊತ್ತು, ಹಿಟ್ಟಿನ ಗಿರಣಿದು ಗೊತ್ತು,
ಟಿ.ಸಿ. ಕಂಬದ ತನಕ ಗೊತ್ತು, ಕಸದ ಗಾಡಿ ಅಲ್ಲೇ ನಿಲ್ಲತೈತಿ.
ಚೀಲ ಹಿಡಿದ್ರ ಸಾಕು, ಕಾಲು ತಾವ ಹೋಗತಾವ.
ಬರಿಗೈಲೆ ಎಂದೂ ಹೊಂಟಿದ್ದಿಲ್ಲ.

ಮೂರನೇ ಕ್ರಾಸಿನ್ಯಾಗ ಒಂದು ನಾಯಿ ಎದ್ದು ನಿಂತು
ಯೋಚನಿ ಮಾಡಿತು.
ಅದರ ಯೋಚನಿ ಮುಗಿಯೂದ್ರೊಳಗ ನಾ ಎಡಕ್ಕ ಹೊಳ್ಳಿದ್ನಿ.
ಅಲ್ಲೊಂದು ಪೇರಲ ಗಿಡ, ಕಂಪೌಂಡ್ ಒಳಗ ಅರ್ಧ,
ಹೊರಗ ಅರ್ಧ. ಮತ್ತ ಎಡಕ್ಕ.
ಇಳಿಜಾರು ಬಂತು, ಬೂಟು ತಾನ ಎಳಕೊಂಡು ಹೋತು,
ಎದಿಯೊಳಗ ಏನೋ ಸಡ್ಲ ಆತು,
ನಗು ಬಂತು, ಒಬ್ಬಾಕಿಗೇ.

ನಿಂತು ನೋಡತೀನಿ, ಯಾವ ಮನೀನೂ ನಂದಲ್ಲ.
ಎಲ್ಲಾದಕ್ಕೂ ಅದ ಸ್ಟೀಲ್ ಗೇಟು, ಅದ ಕರೀ ಟಾಕಿ,
ಗುರುಕೃಪಾ, ಮಾತೃಛಾಯಾ, ಮತ್ತೊಂದು ಗುರುಕೃಪಾ.
ಬೋರ್ಡಿನ ಮ್ಯಾಲೆ ನಾಕನೇ ಕ್ರಾಸು ಅಂತಿತ್ತು.
ನಮ್ಮದೂ ನಾಕನೇ ಕ್ರಾಸ. ಇದು ಅದಲ್ಲ.

ದಾರಿ ತಪ್ಪಬ್ಯಾಡ, ದಾರಿ ತಪ್ಪಬ್ಯಾಡ ಅಂತ
ಅವ್ವ ಎಷ್ಟು ಹೇಳಿದ್ಲು,
ಜಡಿ ಹೆಣಿಯೂ ಮುಂದ, ಕಾಲೇಜಿಗೆ ಹೊಂಟಾಗ,
ಗದಗಿನ ಬಸ್ಸಿನ ಕಿಡಕಿಯೊಳಗ ಕೈ ಹಾಕಿ.
ತಪ್ಪಲಿಲ್ಲವ್ವ. ನಲವತ್ತೊಂಬತ್ತಕ್ಕ ತಪ್ಪಿತು,
ಮನಿಯಿಂದ ಒಂದು ಕಿಲೋಮೀಟರಿನ್ಯಾಗ,
ಯಾರ ಜೋಡೀನೂ ಅಲ್ಲ.

ಮಂಜಿನೊಳಗಿಂದ ಕ್ರೇಟಿನ ಸಪ್ಪಳ. ದಾವಲಸಾಬ.
ದಿನಾ ನಮ್ಮ ಗೇಟಿಗೆ ಹಾಲಿನ ಪಾಕೀಟು ಸಿಗಿಸಿ ಹೋಗಾಂವ,
ನನ್ನ ಮಾರಿ ನೋಡೂದು ತಿಂಗಳಿಗೊಮ್ಮೆ, ಬಿಲ್ಲಿನ ದಿನ.
"ನಾಕನೇ ಕ್ರಾಸು ಯಾವ ಕಡೀರಿ?" ಅಂದ್ನಿ,
ಪರ ಊರಿಂದ ಬಂದಾಕಿ ಹಂಗ.
"ಯಾರ ಮನಿಗೆ ಹೋಗಬೇಕ್ರಿ?"
ತಡಸದ ಗುರುಸಿದ್ದಪ್ಪ ಅವರ ಮನಿ, ಅಂದ್ನಿ.
ವೇಲು ಮಾರಿಗೆ ಸುತ್ತಿತ್ತು, ಗುರುತು ಹತ್ತಲಿಲ್ಲ ಅವಂಗ.

"ಹಾಂ, ಆ ಲೈಟಿನ ಮನಿ" ಅಂದ.
"ನೀರು ಬಿಟ್ಟ ರಾತ್ರಿ ಎಲ್ಲಾರ ಮನ್ಯಾಗೂ ಲೈಟ್ ಹತ್ತಿರತಾವ,
ಮೂರಕ್ಕ, ನಾ ಹಾಲು ತರಾಕ ಹೋಗೂ ಮುಂದ.
ಎಂಟು ದಿನಕ್ಕೊಮ್ಮೆ. ಅದು ಖರೇ.
ಆ ಮನ್ಯಾಗ ನೀರು ಬರದ ದಿನಾನೂ
ಅಡಗಿಮನಿ ಲೈಟ್ ಹತ್ತಿರತೈತಿ.
ಯಾರೋ ಒಬ್ಬಾಕಿ ಡಬ್ಬಿ ಒರಸ್ತಿರತಾಳ.
ನನಗೂ ಧೈರ್ಯ, ಅದೊಂದು ಲೈಟ್ ಇದ್ರ.
ಆ ಮೂಲ್ಯಾಗ ನಾಯಿ ಭಾಳ."

ಆಮ್ಯಾಲೆ ಕೈ ಎತ್ತಿ ತೋರಿಸಿದ:
"ಹಿಂಗ ಹೋಗಿ, ಹಂಗ ಹೊಳ್ಳಿ, ಮತ್ತ ಹಿಂಗ ಬರ್ರಿ."
ಧಾರವಾಡದಾಗ ಇದಕ್ಕಿಂತ ಸರಿ ದಾರಿ
ಯಾರೂ ಹೇಳೂದಿಲ್ಲ.

ಏನಾರ ಅನಬೇಕಾಗಿತ್ತು ನಾ.
ಯಾರಿಗೂ ಎಚ್ಚರಾಗದ್ಹಂಗ
ಮುಚ್ಚಳದ ಸಪ್ಪಳಿಲ್ಲ, ನಳದ ಸಪ್ಪಳಿಲ್ಲ,
ಒಬ್ಬಾಕೀನ ಸೇದಿ ಸೇದಿ ಇಟ್ಟ ರಾತ್ರಿ ಎಲ್ಲಾ
ಹಾಲಿನಾಂವನ ಹತ್ರ ಜಮಾ ಇದ್ದುವು.

"ಅರ್ಧ ಲೀಟರ್ ಕೊಡ್ರಿ" ಅಂದ್ನಿ.
"ರೊಕ್ಕ ಆ ಮನಿ ಲೆಕ್ಕಕ್ಕ ಬರಕೋರಿ."
ಅವನ ಪೆನ್ಸಿಲ್ಲು ಒಂದೀಟು ನಿಂತು
ಆಮ್ಯಾಲೆ ಬರೀತು.

ಹಿಂಗ ಹೋದ್ನಿ, ಹಂಗ ಹೊಳ್ಳಿದ್ನಿ. ಓಡಲಿಲ್ಲ.
ಅಂಗೈಯಾಗ ಪಾಕೀಟು ತಣ್ಣಗ ಬೆವರತಿತ್ತು.
ಮೂಲಿ ದಾಟಿದ ಕೂಡಲೇ ಕಂಡಿತು
ಬಂದ್ ಮಾಡೂದು ಮರೆತ ಲೈಟು,
ಜಾಳಿಗಿ ಕಿಡಕಿ, ಅದರಾಗ ಸಾಲಾಗಿ ಡಬ್ಬಿ,
ಒಂದರ ಮುಚ್ಚಳ ವಾರಿ.
ಆಕಿ ಎಲ್ಲೋ ಹೊರಗ ಹೋಗ್ಯಾಳ.
ನಾ ಗೇಟಿನ ಮುಂದ ನಿಂತು
ಒಂಚೂರು ಹೊತ್ತು ಕಾಯ್ದ್ನಿ.