ಐವತ್ತೆರಡು ಗ್ರಾಂ

ತಕ್ಕಡಿಯ ಮೇಲೆ ಏಳು ಕಿಲೋ ನಾನೂರು.
ಡಾಕ್ಟರ್ ಯಾಸ್ನಾ ಮುಳ್ಳನ್ನು ನೋಡಿದಳು, ಆಮೇಲೆ ನನ್ನನ್ನು.
'ಏನು ಹಾಕುತ್ತೀರಿ ಇವನಿಗೆ?'
ಬೆಳಿಗ್ಗೆ ಒಂದು ಹಿಡಿ, ಸಂಜೆ ಒಂದು ಹಿಡಿ,
ನಡುವೆ ನೀರು; ದೇವರಾಣೆ ಅಷ್ಟೇ, ಎಂದೆ.
ಬೊತೋನ್ ಕಣ್ಣು ಮುಚ್ಚಿಕೊಂಡಿದ್ದ.
ತಾನು ಮುಚ್ಚಿದ ಮೇಲೆ
ಲೋಕಕ್ಕೆ ಏನು ಕಂಡೀತು, ಪಾಪ.

ವಾಲ್ಪರೈಸೊದಲ್ಲಿ ನಮ್ಮ ಗುಡ್ಡಕ್ಕೆ ಬೀದಿಯಿಲ್ಲ,
ಮೆಟ್ಟಿಲೇ ಬೀದಿ. ನೂರಾ ಅರವತ್ತೆಂಟು.
ಎರಡೂ ಕಡೆ ತಗಡಿನ ಮನೆಗಳು
ಒಂದರ ಹೆಗಲ ಮೇಲೊಂದು ಹತ್ತಿ
ಬಂದರಿಗೆ ಇಣುಕುತ್ತವೆ.
ಬೆಕ್ಕನ್ನು ಎತ್ತಿಕೊಂಡು ಏದುಸಿರು ಬಿಡುತ್ತ ಹತ್ತುವಾಗ
ಮೊದಲ ಸಲ ಕಂಡೆ:
ಬಾಗಿಲ ಬುಡದಲ್ಲೊಂದು ತಟ್ಟೆ,
ಅದರ ಮೇಲಿನ ಬಾಗಿಲ ಬುಡದಲ್ಲೂ.

ಬೆಕ್ಕಿಗೆ ಗಂಟೆ ಕಟ್ಟುವವರಾರು ಅನ್ನುತ್ತಾರಲ್ಲ,
ನಾನು ಚೀಟಿ ಕಟ್ಟಿದೆ, ಕೊರಳ ಪಟ್ಟಿಗೆ ದಾರ ಸುತ್ತಿ:
'ಇವನಿಗೆ ನೀವೂ ಊಟ ಹಾಕುತ್ತೀರಾ? ಬರೆಯಿರಿ.'

ಮೂರನೇ ದಿನಕ್ಕೆ ಚೀಟಿಯಲ್ಲಿ ಜಾಗವಿರಲಿಲ್ಲ.
ಗ್ಯಾಸ್ ಸಿಲಿಂಡರ್ ಹೊರುವ ರಾಮಿರೊ:
'ಅಡ್ಮಿರಲ್‌ನಿಗೆ ಮೀನಿನ ತಲೆ. ಮಂಗಳವಾರ, ಶುಕ್ರವಾರ.'
ನೀಡಿಯಾಳ ಅವಳಿ ಮಕ್ಕಳು, ಹಸಿರು ಬಳಪದಲ್ಲಿ:
'ಪೆಲೂಸಾಗೆ ನಮ್ಮ ಸಾಸೇಜು. ಅಮ್ಮನಿಗೆ ಹೇಳಬೇಡಿ.'
ಅದರಡಿ ಅಮ್ಮನ ಕೈಬರಹ:
'ಗೊತ್ತು. ಮೊಟ್ಟೆಯ ಹಳದಿ ನನ್ನದು.'
ಬಾಡಿಗೆ ಕೋಣೆಯ ಹುಡುಗ ಫಕುಂದೊ:
'ರಾತ್ರಿ ಎರಡಕ್ಕೆ ಟ್ಯೂನಾ. ಒಬ್ಬನೇ ಉಣ್ಣಲಾಗುವುದಿಲ್ಲ.'
ಕೊನೆಗೆ, ಒಂದರ ಮೇಲೊಂದು ಬಿದ್ದ ಅಕ್ಷರ:
'ಹಾಲು. ಒತೀಲಿಯಾ.'

ಭಾನುವಾರ ನನ್ನ ಅಡುಗೆಮನೆಯಲ್ಲಿ ಪಂಚಾಯ್ತಿ.
ಡಾಕ್ಟರ್ ಹೇಳಿದ್ದನ್ನು ಓದಿದೆ:
ದಿನಕ್ಕೆ ಐವತ್ತೆರಡು ಗ್ರಾಂ, ಏಳಕ್ಕೆ ಮತ್ತು ಏಳಕ್ಕೆ.
ಒಮ್ಮೆಲೇ ಉಪವಾಸ ಕೆಡವಬಾರದು, ದಪ್ಪ ಬೆಕ್ಕಿಗೆ ಯಕೃತ್ತು ಕೆಡುತ್ತದೆ;
ಇಳಿಸಬೇಕು, ವಾರಕ್ಕೆ ಇಷ್ಟಿಷ್ಟೇ,
ಈ ಮೆಟ್ಟಿಲು ಇಳಿದ ಹಾಗೆ.
ಹಾಲು ಬೇಡವೇ ಬೇಡ.

'ಹಾಗಾದರೆ ಅವನು ನನ್ನ ಮನೆಗೆ ಬರುವುದಿಲ್ಲ'
ಎಂದರು ಒತೀಲಿಯಾ, ಎಂಬತ್ತೆರಡು ವರ್ಷ,
ಮಂಜಾದ ಕಣ್ಣು ಕಿಟಕಿಯ ಕಡೆ.
ಯಾರೂ ಚಹಾ ಕುಡಿಯಲಿಲ್ಲ.
ಆಗಲೇ ನನ್ನ ತಕ್ಕಡಿಯ ಬ್ಯಾಟರಿ ಸತ್ತಿತು.

ಅವರು ಅಂಗೈ ಚಾಚಿದರು. 'ಹಾಕು.'
ನಲವತ್ತು ವರ್ಷ ಔಷಧಿ ಅಂಗಡಿಯಲ್ಲಿ
ಪುಡಿ ತೂಗಿ ಪೊಟ್ಟಣ ಕಟ್ಟಿದ ಕೈ.
ಕಾಳು ಕಾಳಾಗಿ ಸುರಿದೆ.
'ಸಾಕು. ಇಪ್ಪತ್ತಾರು.'
ರಾಮಿರೊ ಓಡಿ ಬ್ಯಾಟರಿ ತಂದ.
ಇಪ್ಪತ್ತೇಳು ಎಂದಿತು ತಕ್ಕಡಿ.
'ನಿನ್ನದು ಒಂದು ಗ್ರಾಂ ಸುಳ್ಳು ಹೇಳುತ್ತದೆ' ಎಂದರು.
ಅಲ್ಲ ಎನ್ನುವ ಧೈರ್ಯ ಯಾರಿಗಿತ್ತು?

ಅಲ್ಲಿಂದ ತಟ್ಟೆ ಒಂದೇ, ಅವರ ಹೊಸ್ತಿಲಲ್ಲಿ.
ಮೊದಲ ವಾರ ಅವನು ಬಾಗಿಲು ಬಾಗಿಲಿಗೂ ಅತ್ತ.
ನಾವು ಒಳಗೆ ದೀಪ ಆರಿಸಿ
ಉಸಿರು ಬಿಗಿಹಿಡಿದು ನಿಂತೆವು,
ಸಾಲಗಾರನಿಗೆ ಅಡಗಿದವರ ಹಾಗೆ.
ಅವಳಿಗಳು ದಿಂಬಿನಲ್ಲಿ ಮುಖ ಹುದುಗಿಸಿ ಅತ್ತರಂತೆ.
ಎರಡನೇ ವಾರ
ಏಳಕ್ಕೆ ಐದು ನಿಮಿಷ ಇರುವಾಗಲೇ
ಹೊಸ್ತಿಲಲ್ಲಿ ಬಾಲ ಸುತ್ತಿ ಕೂತ.
ಫಕುಂದೊ ತನ್ನ ಟ್ಯೂನಾ ಡಬ್ಬಿ ಹಿಡಿದು
ಈಗ ಸಂಜೆ ಏಳಕ್ಕೇ ಉಣ್ಣುತ್ತಾನೆ, ಒತೀಲಿಯಾ ಅವರ ಮೇಜಿನಲ್ಲಿ.
ಹುಡುಗನಿಗೆ ಬಣ್ಣ ಬಂದಿದೆ.

ಐದು ತಿಂಗಳಿಗೆ ಆರು ಕಿಲೋ ಇನ್ನೂರು.
ಗೋಡೆಯಿಂದ ಗೋಡೆಗೆ ಮತ್ತೆ ಹಾರುತ್ತಾನೆ,
ಹೆಸರುಗಳು ಮಾತ್ರ ಒಂದೂ ಇಳಿದಿಲ್ಲ.

ನಿನ್ನೆ ಸಂಜೆ ಅವನ ಮೀಸೆಯ ತುದಿಯಲ್ಲಿ
ಒಣಗಿದ ಹಳದಿ ಚುಕ್ಕೆ ಕಂಡಿತು.
ಹೆಬ್ಬೆರಳಿಂದ ಒರೆಸಿದೆ, ಯಾರ ಬಾಗಿಲ ಕಡೆಗೂ ನೋಡಲಿಲ್ಲ.
'ಇವತ್ತು ಇಪ್ಪತ್ತೈದು ಸಾಕೇನೋ' ಎಂದೆ, ಮೆಲ್ಲಗೆ.
'ಇಪ್ಪತ್ತಮೂರು' ಎಂದರು ಒತೀಲಿಯಾ, ಅಂಗೈ ಚಾಚಿ.
ಅವರಿಗೆ ಆಗಲೇ ವಾಸನೆ ಬಡಿದಿತ್ತು.