ಕೊಸರು

ಬನಹಟ್ಟ್ಯಾಗ ಮಾರ್ಟ್ ಆಗೇತಿ ಅಂದ್ರು, ನೋಡಾಕ ಹೋದೆ.
ಬಾಗಲಕ್ಕ ಗಾಜು, ಒಳಗ ತಂಪು,
ಬುಟ್ಟಿಗೆ ಗಾಲಿ.
ಚೀಲಾ ಹೊರಗ ಇಡ್ರಿ ಅಂದ್ರು. ಇಟ್ಟೆ.
ತೊಗರಿಬ್ಯಾಳಿ, ಅರಬಿ ಸಾಬಾಣ, ಚಹಾಪುಡಿ,
ಒಂದ ತಗೊಂಡ್ರ ಒಂದ ಪುಕ್ಕಟ ಅಂತ
ಹಪ್ಪಳದ ಎರಡು ಪಾಕೀಟು.
ಹಪ್ಪಳಾ ನಾವು ಮನ್ಯಾಗ ಲಟ್ಟಸ್ತೇವಿ. ಆದ್ರೂ ತಗೊಂಡೆ.

ಕೌಂಟರಿನ ಹುಡುಗ ಉದ್ದ ಚೀಟಿ ಹರದು ಕೊಟ್ಟ.
ಕಡೀ ಸಾಲಿಗೆ ಬೆರಳು ಹಚ್ಚಿ ಓದಿದೆ:
ನೀವು ಇಂದು ಉಳಿಸಿದ್ದು ನೂರಾ ಹನ್ನೆರಡು ರೂಪಾಯಿ.

ಎಲ್ಲೈತಿ ತಮ್ಮಾ? ಕೊಡು, ಅಂದೆ.
ಏನ್ರಿ ಅಕ್ಕಾರ?
ಉಳದದ್ದು.
ಹಿಂದ ನಿಂತವ್ರು ನಕ್ಕರು. ಅವನೂ ನಕ್ಕ.
ನಾ ಏನು ಚ್ಯಾಷ್ಟಿ ಮಾಡಿರಲಿಲ್ಲ.

ಉಳಿಸೂದು ನನಗೂ ಗೊತ್ತೈತಿ.
ಉಳದ ರೊಕ್ಕಕ್ಕ ತೂಕ ಇರತೈತಿ,
ಸೆರಗಿನ ಗಂಟಿನ್ಯಾಗ ಕುಂತು
ನಡಿಯುವಾಗ ಮೊಣಕಾಲಿಗೆ ಬಡೀತೈತಿ.
ಸಂತಿಗೆ ದೀಪ ಹಚ್ಚೂ ಹೊತ್ತಿಗೆ ಹೋಗಬೇಕು.
ಮುಂಜಾನಿ ಇಪ್ಪತ್ತಕ್ಕ ಎರಡಿದ್ದ ಮೆಂತ್ಯೆ ಸೂಡು
ಸಂಜಿಗೆ ತಲಿ ಬಗ್ಗಿಸಿ ಹತ್ತಕ್ಕ ಮೂರು.
ಒಡದ ಟಮಾಟಿ ಸಾರಿಗೆ, ಹಣ್ಣಾದ ಮೆಣಸಿನಕಾಯಿ ರಂಜಕಕ್ಕ.
ಸಣ್ಣ ಉಳ್ಳಾಗಡ್ಡಿ ಸೋವಿ,
ಸುಲಿಯಾಕ ಮಾತ್ರ ಕಣ್ಣೀರು ಜಾಸ್ತಿ.
ಕೇಳಿದ ದರ ಕೇಳಿದ ಕೂಡ್ಲೆ ಕೊಡಬ್ಯಾಡ ಅಂತಿದ್ರು ನಮ್ಮತ್ತಿ,
ಇನ್ನಷ್ಟು ಕೇಳಬೇಕಾಗಿತ್ತು ಅಂತ
ಮಾರಿದಾಕಿಗೆ ರಾತ್ರಿ ನಿದ್ದಿ ಹತ್ತೂದಿಲ್ಲ.

ಅಸಂಗಿ ಜೈತೂನಬಿ ಮತ್ತ ನಾ
ಹನ್ನೊಂದು ವರ್ಷದಿಂದ ಮೂರು ರೂಪಾಯಿಗೆ ಜಗಳಾಡ್ತೇವಿ.
ಪಾವ ಕಿಲೋ ಬದ್ನಿಕಾಯಿ. ಆಕಿ ಹದಿನೈದು ಅಂತಾಳ, ನಾ ಹತ್ತು.
ಹಂಗಾರ ನೀನ ಬೆಳಕೋ ಹೋಗು ಅಂತಾಳ,
ನಾ ಎದ್ದು ನಾಕು ಹೆಜ್ಜಿ ಹೋಗ್ತೇನಿ.
ನಾಕನೇದ್ದು ಸಣ್ಣದಿಡತೇನಿ, ಕರೀಲಿ ಅಂತ.
ಕರೀತಾಳ.
ಹನ್ನೆರಡಕ್ಕ ಮುಗೀತೈತಿ. ಹನ್ನೆರಡಕ್ಕ ಮುಗೀತೈತಿ ಅಂತ
ಇಬ್ಬರಿಗೂ ಮದಲ ಗೊತ್ತಿರತೈತಿ.
ಮ್ಯಾಲೆ ಒಂದು ಹಿಡಿ ಕೊತ್ತಂಬರಿ ಚೀಲದಾಗ ಒಗೀತಾಳ,
ತಕ್ಕಡಿಗೆ ಕಾಣದಂಗ.

ಮನ್ಯಾಗ ನಾ ಮಾಲಕರ ನೂಲು ಕಂಡಕಿ ಸುತ್ತತೇನಿ.
ಅವರ ಮುಂದ ಒಂದು ಸಲಾನೂ ಎದ್ದು ನಾಕು ಹೆಜ್ಜಿ ಹೋಗಿಲ್ಲ.
ಹೋದ್ರ ಕರೀತಾರೋ ಇಲ್ಲೋ.
ಅವರು ಹೇಳಿದ್ದ ದರ, ಅವರು ಬರದದ್ದ ಲೆಕ್ಕ.
ಅದಕ್ಕ ಇರಬೇಕು, ಸಂತ್ಯಾಗ ನನ್ನ ದನಿ ಇಷ್ಟು ದೊಡ್ಡದು.

ಅವತ್ತ ಮಾರ್ಟಿನಿಂದ ಸೀದಾ ಸಂತಿಗೆ ಬಂದೆ.
ಆ ಹುಡುಗನ ನಗಿ ಇನ್ನೂ ಕಿವ್ಯಾಗ.
ಹದಿನೈದು, ಅಂದ್ಳು ಜೈತೂನಬಿ.
ಹದಿನೈದು ತಗದು ಕೊಟ್ಟೆ.

ಆಕಿ ಕೈ ತಕ್ಕಡಿ ಮ್ಯಾಲೆ ನಿಂತಿತು.
ಯಾಕ ದುಂಡವ್ವಾ, ಮೈಯಾಗ ಆರಾಮಿಲ್ಲೇನ?
ಏನಿಲ್ಲ.
ಮನ್ಯಾಗ ಯಾರಿಗರೆ ಏನರೆ ಆಗೇತೇನ?
ಏನಿಲ್ಲ ಬಿಡ.
ಹಂಗಾರ ನನ್ನ ಮ್ಯಾಲೆ ಸಿಟ್ಟು.
ರೊಕ್ಕ ಮುಟ್ಟವಲ್ಲಳು. ನಾನೂ ಮಾತಾಡವಲ್ಲೆ.
ಕಡೀಕ ನನ್ನ ಪಾಳಿನೂ ಆಕೀನ ಆಡಿದಳು:
ಹತ್ತು ಕೊಡ್ತೇನಿ ನೋಡು!
ಹತ್ತಕ್ಕ ಯಾರು ಕೊಡ್ತಾರ, ಬ್ಯಾರೆ ಕಡೆ ಹೋಗು!
ಹೋದೆ ಹಂಗಾರ!
ಬಾರ ಇಕಡೆ, ಹದಿಮೂರು!
ಬಾಜೂ ಶೇಂಗಾದಾಕಿ ನೋಡಾಕತ್ತಿದ್ಲು.
ಹನ್ನೆರಡು, ಅಂದಿತು ನನ್ನ ಬಾಯಿ, ನನ್ನ ಕೇಳದನ.

ಮೂರು ರೂಪಾಯಿ ಹೊಳ್ಳಿ ಬಂತು ಅಂಗೈಗೆ,
ಬೆಚ್ಚಗ, ಮಣ್ಣು ಹತ್ತಿ.

ಆಮ್ಯಾಲೆ ಚೀಟಿ ತೋರಿಸಿದೆ.
ನೂರಾ ಹನ್ನೆರಡು ಉಳಿಸೇನಿ ಅಂತ ಬರದಾರ ನೋಡ.
ಓದಾಕ ಬರೂದಿಲ್ಲ ಜೈತೂನಬಿಗೆ.
ಹಿಂದ ಮುಂದ ತಿರಿವಿ ನೋಡಿದ್ಲು,
ಎಲ್ಲೈತಿ? ಅಂದ್ಲು.

ಇಬ್ಬರೂ ನಕ್ಕು ಕೆಮ್ಮಿದ್ವಿ.
ಚೀಟ್ಯಾಗ ನಾಕು ಮೆಣಸಿನಕಾಯಿ ಸುತ್ತಿ ಕೊಟ್ಲು.
ಪುಕ್ಕಟ ಬಂದ ಹಪ್ಪಳದ ಪಾಕೀಟು ನಾ ಆಕಿ ಮುಂದಿಟ್ಟೆ.
ಎಷ್ಟು ಕೊಡ್ಲಿ? ಅಂದ್ಲು.
ಹದಿನೈದು.
ಹತ್ತು, ಅಂದ್ಲು.

ಎದ್ದು ನಾಕು ಹೆಜ್ಜಿ ಹೋದೆ.